ಪೆಟ್ಟಿಗೆ ತಾತನ ಏಳು ಜೋಡಿ

“ಅಮ್ಮಾ, ಪೆಟ್ಟಿಗೆ ತಾತ ಹಾಡು ಹಾಕಿ, ಪೆಟ್ಟಿಗೆ ಕಡೆ ನೋಡದೆ ನನ್ನ ಮುಖಾನೇ ಯಾಕೆ ನೋಡ್ತಿದ್ರು?”

ನಿನ್ನೆ ಬೆಳಿಗ್ಗೆ ಮಗಳಿಗೆ ತಲೆ ಬಾಚುವಾಗ ಬಂದ ಪ್ರಶ್ನೆ. ಬಾಯಲ್ಲಿ ರಬ್ಬರ್ ಬ್ಯಾಂಡ್ ಕಚ್ಚಿಕೊಂಡಿದ್ದೆ, ಹಾಗಾಗಿ ತಕ್ಷಣ ಉತ್ತರ ಕೊಡುವ ಕಷ್ಟ ತಪ್ಪಿತು. ಎರಡನೇ ಜಡೆ ಮುಗಿಯುವಷ್ಟರಲ್ಲಿ ಅವಳು ಇರುವೆಗೆ ಮೊಣಕಾಲು ಇರುತ್ತಾ ಅನ್ನುವಲ್ಲಿಗೆ ಹೋಗಿಬಿಟ್ಟಿದ್ದಳು. ನಾನು ಮಾತ್ರ ಅಲ್ಲೇ ನಿಂತೆ. ತಾತ ಹೋಗಿ ನಾಳೆಗೆ ಎರಡು ತಿಂಗಳು.

ಐದು ವರ್ಷದವಳಿಗೆ ಹೇಳಬೇಕಾದ ಉತ್ತರ ಒಂದೇ ಸಾಲಿನದು: ತಾತನಿಗೆ ಕೇಳಿಸದೆ ಇದ್ದದ್ದು ನಿನಗೆ ಕೇಳಿಸ್ತಿತ್ತು ಕಂದ. ಉಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ. ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ತಾತ ನಮಗೆ ನೆಂಟರಲ್ಲ. ನಾವು ಮೊದಲ ಮಹಡಿ, ಅವರೂ ಅಜ್ಜಿಯೂ ನೆಲಮಹಡಿ. ಅವರ ಮನೆಯ ಮುಂದಿನ ಕೋಣೆ ಕಾರ್ಖಾನೆ, ಹಿಂದಿನ ಎರಡು ಕೋಣೆ ಸಂಸಾರ. ಎರಡರ ನಡುವೆ ಒಂದು ಬಾಗಿಲು. ಮರದ ಹೊಟ್ಟು ಆ ಬಾಗಿಲು ದಾಟಿ ಒಳಗೆ ಬಂದರೆ ತಾತನಿಗೆ ಕಾಫಿ ಇಲ್ಲ ಎಂಬುದು ಅಜ್ಜಿಯ ಕಾನೂನು. ತಾತ ಮಾಡುತ್ತಿದ್ದದ್ದು ಸ್ಪೀಕರ್ ಪೆಟ್ಟಿಗೆ. ಅಂಗಡಿಯ ಸ್ಪೀಕರ್ ತಂದು ಹಾಡು ಕೇಳಿ ಸುಮ್ಮನಿರುವ ನಮ್ಮಂಥವರಿಗಲ್ಲ. ಹಾಡಿನವಳು ಉಸಿರು ಎಳೆದುಕೊಂಡದ್ದೂ ಕೇಳಬೇಕು ಅನ್ನುವ ಹುಚ್ಚರಿಗೆ. ಆ ಹುಚ್ಚರದೇ ಒಂದು ಬಳಗ ಇತ್ತು. ಪ್ರತಿ ಭಾನುವಾರ ಹತ್ತು ಗಂಟೆಗೆ ಕೆಳಗಿನ ಕೋಣೆಯಲ್ಲಿ ಸೇರಿ, ಒಂದೇ ಹಾಡನ್ನು ಹನ್ನೊಂದು ಸಲ ಕೇಳಿ, ಹನ್ನೆರಡನೇ ಸಲಕ್ಕೆ ಜಗಳ ಶುರು ಮಾಡುತ್ತಿದ್ದರು. ತಾತನನ್ನು “ಗುರುಗಳೇ” ಎನ್ನುತ್ತಿದ್ದರು. ತಾತನ ಕಿವಿ ಚಿನ್ನದ ಕಿವಿ ಎಂದು ಊರೂರಿಗೆ ಹೇಳಿಕೊಂಡು ಬಂದಿದ್ದರು.

ಅಜ್ಜಿ ಮಾತ್ರ, “ಚಿನ್ನದ್ದು ಇರಬಹುದು. ಅದಕ್ಕೇ ತೂತಿಲ್ಲ” ಎನ್ನುತ್ತಿದ್ದರು.

ನನಗೆ ತಾತನ ಪರಿಚಯವಾದದ್ದು ಜಗಳದಿಂದ. ಮಗಳು ಆಗ ನಾಲ್ಕು ತಿಂಗಳ ಕೂಸು. ಎರಡು ತಾಸು ತೂಗಿ ಆಗಷ್ಟೇ ಮಲಗಿಸಿದ್ದೆ. ಕೆಳಗಿನಿಂದ ಧಿಮ್ ಎಂದು ಒಂದು ಸದ್ದು ನೆಲವನ್ನೇ ಹಿಡಿದು ಅಲ್ಲಾಡಿಸಿತು. ಕೂಸು ಕಿಟಾರನೆ ಕಿರುಚಿತು. ಅದನ್ನು ಹೆಗಲಿಗೆ ಹಾಕಿಕೊಂಡು, ಹೇಳಬೇಕಾದ್ದನ್ನೆಲ್ಲ ಮೆಟ್ಟಿಲ ಮೇಲೆ ಜೋಡಿಸಿಕೊಳ್ಳುತ್ತಾ ಇಳಿದೆ. ಬಾಗಿಲು ತೆಗೆದದ್ದು ಹುಬ್ಬಿನ ಮೇಲೂ ಮರದ ಪುಡಿ ಕೂತಿದ್ದ, ಸಣ್ಣ ಮೈಕಟ್ಟಿನ ತಾತನೇ. ನಾನು ಉಸಿರು ಬಿಡದೆ ಬೈದೆ. ಪೂರ್ತಿ ಕೇಳಿಸಿಕೊಂಡು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, “ಯಾವ ಸದ್ದಿಗೆ ಎದ್ದಿತಮ್ಮ ಕೂಸು? ಮೊದಲು ಬಂದ ದಪ್ಪದ್ದಕ್ಕೋ, ಆಮೇಲಿನ ಉದ್ದದ್ದಕ್ಕೋ?” ಎಂದು ಕೇಳಿದರು.

“ಸದ್ದಿಗೆ ಎದ್ದಿತು!”

“ಅದು ಸರಿ. ಯಾವ ಸದ್ದಿಗೆ?”

ಒಳಗಿಂದ ಅಜ್ಜಿಯ ದನಿ ಬಂತು. “ರೀ, ಬೈಯೋಕೆ ಬಂದವರಿಗೆ ಪರೀಕ್ಷೆ ಕೊಡಬೇಡಿ. ಬೈಸಿಕೊಳ್ಳಿ ಮೊದಲು.”

ಮರುದಿನ ಪೆಟ್ಟಿಗೆಗಳ ಕೆಳಗೆ ಮರಳಿನ ಮೂಟೆ, ಅದರ ಕೆಳಗೆ ಹಳೆಯ ಟೈರಿನ ತುಂಡು ಬಂದವು. ಕಾರ್ಖಾನೆಯ ಬಾಗಿಲಿಗೆ ಒಂದು ಹಲಗೆಯೂ ಬಿತ್ತು: “ಮಗು ಮಲಗುವ ಹೊತ್ತು: ಹತ್ತೂವರೆಯಿಂದ ಹನ್ನೆರಡು, ಮೂರರಿಂದ ನಾಲ್ಕು.” ಹಾಗಾಗಿ ಎಷ್ಟೋ ಭಾನುವಾರ ನಾನು ಬಟ್ಟೆ ಒಣಹಾಕಲು ಹೋಗುವಾಗ, ಬಳಗದವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಸಾಲಾಗಿ ಕೂತು ಕಾಯುತ್ತಿದ್ದರು. ಅವರಲ್ಲಿ ಹಲ್ಲಿನ ಡಾಕ್ಟರು ಹಿರಿಯರು. ವಾರವೆಲ್ಲ ಹಲ್ಲು ಕೊರೆಯುವ ಯಂತ್ರದ ಕೀರಲು ಕೇಳಿ, ಭಾನುವಾರ ಬಂದು “ಸ್ವರಕ್ಕೂ ಸ್ವರಕ್ಕೂ ನಡುವಿನ ಮೌನ” ಕೇಳುವವರು. ನನ್ನನ್ನು ಕಂಡರೆ ಪಿಸುದನಿಯಲ್ಲಿ, “ಮಲಗಿತಾ ತಾಯಿ?” ಎನ್ನುತ್ತಿದ್ದರು. ಪಕ್ಕದಲ್ಲಿ ಗಣಿತದ ಮೇಷ್ಟ್ರು ಗಡಿಯಾರ ನೋಡಿಕೊಂಡು, “ಇನ್ನು ಹದಿನೇಳು ನಿಮಿಷ” ಎನ್ನುತ್ತಿದ್ದರು. ಅವರ ಲೆಕ್ಕವನ್ನು ನನ್ನ ಮಗಳು ಒಂದು ದಿನವೂ ಒಪ್ಪಲಿಲ್ಲ.

ಈ ಬಳಗದ ಬಗ್ಗೆ ಒಂದು ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಸಲ ಡಾಕ್ಟರು ಹೆಬ್ಬಾವಿನಷ್ಟು ದಪ್ಪದ ವೈರು ತಂದರು. ಸ್ಪೀಕರಿಗೆ ಹಳೆಯ ಸಣ್ಣ ವೈರಿಗಿಂತ ಅದು ಮೇಲೋ ಅಲ್ಲವೋ ಎಂದು ನೋಡಬೇಕಿತ್ತು. ತಾತ ಪೆಟ್ಟಿಗೆಗಳ ಹಿಂದೆ ಕೂತರು. ಹಳೆಯ ವೈರಿನಲ್ಲಿ ಒಂದು ಸಲ ಹಾಡು ಮುಗಿಯಿತು. ಅಷ್ಟರಲ್ಲಿ ನಾನು ಹೋಗಿ ಒಂದು ಸ್ಕ್ರೂಡ್ರೈವರ್ ಕೇಳಿದೆ. ನಮ್ಮ ಒಲೆಯ ತಿರುಪು ಕಳಚಿತ್ತು. ತಾತ ಹುಡುಕಿ ಕೊಟ್ಟು ಹೋಗಿ ಕೂತು, “ಈಗ ಹೊಸದು” ಎಂದರು.

ಹಾಡು ಮುಗಿದ ಮೇಲೆ ಎಲ್ಲರೂ ನಿಧಾನವಾಗಿ ಕಣ್ಣು ತೆರೆದರು.

“ಕಣ್ಣ ಮುಂದಿನ ಪರದೆ ಸರಿದ ಹಾಗಾಯ್ತು” ಎಂದರು ಡಾಕ್ಟರು.

“ಪಿಟೀಲಿನವನು ಉಗುರು ಕತ್ತರಿಸಿಲ್ಲ ಅನ್ನೋದೂ ಗೊತ್ತಾಗ್ತಿದೆ” ಎಂದರು ಮೇಷ್ಟ್ರು.

ಸಂಜೆ ನಾನು ಸ್ಕ್ರೂಡ್ರೈವರ್ ವಾಪಸ್ ಕೊಡಲು ಹೋದಾಗ ತಾತ ಬಾಗಿಲು ಓರೆ ಮಾಡಿ, “ವೈರು ಬದಲಾಯಿಸಲೇ ಇಲ್ಲ ಮಗಳೇ. ನಿನಗೆ ಇದನ್ನ ಹುಡುಕಿ ಕೊಡೋ ಗಡಿಬಿಡೀಲಿ ಮರೆತೆ” ಎಂದರು.

“ಅಯ್ಯೋ! ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ಉಗುರಿನ ತನಕ ಹೋಗಿಬಿಟ್ಟಿದ್ರಲ್ಲ. ಮನುಷ್ಯ ಮೊದಲು ನಂಬ್ತಾನೆ, ಆಮೇಲೆ ಕೇಳಿಸಿಕೊಳ್ತಾನೆ.”

ಇಬ್ಬರೂ ಸೆರಗು, ಟವೆಲು ಬಾಯಿಗಿಟ್ಟುಕೊಂಡು ನಕ್ಕೆವು. ಆ ನಗು ಆಮೇಲೆ ತಾತನಿಗೆ ದುಬಾರಿಯಾಯಿತು.

ಮಗಳು ನಡೆಯಲು ಕಲಿತದ್ದೇ ಕೆಳಗಿನ ಮನೆಯ ಕಡೆಗೆ. ಕೀಸುಳಿಯಿಂದ ಸುರುಳಿ ಸುರುಳಿಯಾಗಿ ಬೀಳುವ ಮರದ ಚೂರು ಅವಳ ಗೊಂಬೆಗಳಿಗೆ ಕೂದಲಾಯಿತು. ತಾತ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವಾಗ ಅವಳೂ ತಟ್ಟುತ್ತಿದ್ದಳು. ಆಮೇಲೆ ಮನೆಗೆ ಬಂದು ನಮ್ಮತ್ತೆಯ ಬೆನ್ನು ತಟ್ಟಿ, “ಇದು ಒಳ್ಳೇ ಮರ ಅಲ್ಲ” ಎಂದಳು. ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಹೋದ ವರ್ಷ ಒಂದು ಭಾನುವಾರ ತಾತ ಹೊಸ ಜೋಡಿ ಮುಗಿಸಿ ಬಳಗದ ಮುಂದೆ ಹಾಡು ಹಾಕಿದರು. ಮೂರು ವರ್ಷಗಳಲ್ಲಿ ಅದು ಏಳನೇ ಜೋಡಿ. ಕೊಂಡವರು ಡಾಕ್ಟರೇ. ಎಲ್ಲರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. “ಏನು ಬೆಳಕು! ಗುರುಗಳು ಈಚೆಗೆ ಬೇರೆಯೇ ಎತ್ತರಕ್ಕೆ ಹೋಗಿದ್ದಾರೆ” ಎಂದರು ಡಾಕ್ಟರು. ಮಗಳನ್ನು ಊಟಕ್ಕೆ ಕರೆಯಲು ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಎರಡೂ ಕಿವಿಗೆ ಅಂಗೈ ಒತ್ತಿಕೊಂಡು, “ತಾತಾ, ಚುಚ್ಚುತ್ತೆ” ಎಂದಳು.

ಎಲ್ಲರೂ ನಕ್ಕರು. “ಮಕ್ಕಳ ಕಿವಿ ಇನ್ನೂ ಪಕ್ವ ಆಗಿರಲ್ಲ” ಎಂದರು ಡಾಕ್ಟರು. ತಾತ ನಗಲಿಲ್ಲ.

ಡಾಕ್ಟರು ಹೊಸ ಜೋಡಿಯನ್ನು ಹೊತ್ತುಕೊಂಡು, ಬಳಗವೆಲ್ಲ ಹೋದ ಮೇಲೆ ತಾತ ನಮ್ಮನ್ನು ಕರೆಸಿದರು. ಸ್ಪೀಕರ್ ಪೆಟ್ಟಿಗೆಯಲ್ಲಿ ದಪ್ಪ ಸ್ವರಕ್ಕೆ ಒಂದು ದೊಡ್ಡ ಸ್ಪೀಕರ್, ಸಣ್ಣ ಚೂಪು ಸ್ವರಕ್ಕೆ ಇನ್ನೊಂದು ಮರಿ ಸ್ಪೀಕರ್ ಇರುತ್ತದೆ. ಆ ಮರಿ ಮಿತಿ ಮೀರಿ ಕೂಗದಂತೆ ಅದರ ದಾರಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ರೆಸಿಸ್ಟರ್ ಹಾಕುತ್ತಾರೆ. ತಾತ ಅದನ್ನು “ಲಗಾಮು” ಎನ್ನುತ್ತಿದ್ದರು. ಎಷ್ಟು ಬಿಗಿ ಲಗಾಮು ಬೇಕು ಎಂಬುದಕ್ಕೆ ಅವರಲ್ಲಿ ಅಳತೆ ಇರಲಿಲ್ಲ, ಕಿವಿಯೇ ಅಳತೆ. ಆ ದಿನ, ಅದೇ ಹದದಲ್ಲಿ ಮಾಡಿಟ್ಟುಕೊಂಡಿದ್ದ ತಮ್ಮ ಸ್ವಂತ ಪೆಟ್ಟಿಗೆಗೆ ಬಿಗಿಯಾದ ಲಗಾಮು ಒಂದನ್ನು ಸಿಕ್ಕಿಸಿ, “ಈಗ ಕಂದಾ?” ಎಂದರು.

“ಈಗಲೂ ಚುಚ್ಚುತ್ತೆ. ಸ್ವಲ್ಪ.”

ಇನ್ನೂ ಬಿಗಿ. “ಈಗ?”

“ಈಗ ಚೆನ್ನಾಗಿದೆ.”

ತಾತ ನನ್ನ ಕಡೆ ತಿರುಗಿ, “ನನಗೆ ಈಗ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ” ಎಂದರು.

ಆಗ ಅಜ್ಜಿ ಒರಸುವ ಬಟ್ಟೆ ಹಿಡಿದೇ ಬಾಗಿಲಿಗೆ ಬಂದರು. “ಪುಟ್ಟಿ, ನಮ್ಮ ಬಚ್ಚಲಲ್ಲಿ ಏನಾದರೂ ಕೂಗ್ತಿದೆಯಾ ಕೇಳಿ ಹೇಳು.”

“ಜೀರುಂಡೆ, ಅಜ್ಜಿ. ನಿನ್ನೇನೂ ಕೂಗ್ತಿತ್ತು.”

“ಕೇಳಿಸಿತಾ? ವಾರದಿಂದ ಬಡ್ಕೊಳ್ತಿದ್ದೀನಿ ಜೀರುಂಡೆ ಸೇರಿಕೊಂಡಿದೆ ಓಡಿಸ್ರೀ ಅಂತ. ಏನಂದ್ರು ಗೊತ್ತಾ? ನಿನ್ನ ತಲೆ ಒಳಗೆ ಕೂಗ್ತಿದೆ ಅಂದ್ರು! ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಬಾಳು.”

“ನನಗೆ ಕೇಳಿಸ್ತಿಲ್ಲ ಅಂತ ನಿನಗೆ ಎಷ್ಟು ದಿನದಿಂದ ಗೊತ್ತು?”

“ಮದುವೆಯಾದ ದಿನದಿಂದ ಕೇಳಿಸ್ತಿಲ್ಲ. ಅದರಲ್ಲಿ ಯಾವುದು ಕಿವಿ, ಯಾವುದು ಕೊಬ್ಬು ಅಂತ ನಾನು ಹೇಗೆ ಬೇರೆ ಮಾಡ್ಲಿ?”

ತಾತ ನೆಲದ ಮೇಲೆ ಕೂತುಬಿಟ್ಟರು. ಅಜ್ಜಿ ಆ ದಿನ ಹೊಟ್ಟಿನ ಕಾನೂನು ಮುರಿದು, ಕಾರ್ಖಾನೆಗೇ ಕಾಫಿ ತಂದುಕೊಟ್ಟರು.

ಕಿವಿಯ ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಬಂದಾಗ ಗುಂಡಿ ಒತ್ತಬೇಕು ಎಂದರು. ತಾತ ಮೊದಲು ಗೂಡಿನ ಗೋಡೆಯನ್ನು ಗೆಣ್ಣಿನಿಂದ ತಟ್ಟಿ ನೋಡಿ, “ಎಡಗಡೆ ಹಲಗೆ ಸಡಿಲ ಇದೆಯಮ್ಮ, ಒಂದು ಸ್ಕ್ರೂ ಹಾಕಿಸಿ” ಎಂದರು. ಆಮೇಲೆ ಕೂತರು. ಮೊದಮೊದಲು ಚಕಚಕನೆ ಒತ್ತಿದರು. ಆಮೇಲೆ ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾದಿತ್ತು. ಪರೀಕ್ಷೆ ಮಾಡುವ ಹುಡುಗಿ ಒಂದಾದ ಮೇಲೊಂದು ಸದ್ದು ಬಿಡುತ್ತಿದ್ದಳು. ಗಾಜಿನಾಚೆ ನನಗೆ ಅವಳ ಕೈ ಕಾಣುತ್ತಿತ್ತು. ತಾತನ ಬೆರಳು ಕದಲಲಿಲ್ಲ.

ಹೊರಗೆ ಬಂದು ಚೀಟಿ ನೋಡಿಕೊಂಡು, “ನೆಲ ಗಟ್ಟಿ ಇದೆ, ಗೋಡೆ ಇದೆ, ಮಾಳಿಗೆ ಬಿದ್ದುಹೋಗಿದೆ” ಎಂದರು. ಬಿದ್ದದ್ದು ಚೂಪು ಸ್ವರ. ರಸ್ತೆ ದಾಟಿದ ಮೇಲೆ, “ಏಳು ಜೋಡಿ” ಎಂದರು.

ಅದೇ ಅವರಿಗೆ ಹತ್ತಿದ ಚಿಂತೆ. ಕಿವಿ ಹೋದದ್ದಕ್ಕೆ ಅವರು ಅತ್ತದ್ದು ನಾನು ಕಾಣೆ. ಆದರೆ ತನ್ನ ಕಿವಿಯ ಅಳತೆ ನಂಬಿ ಮೂರು ವರ್ಷದಿಂದ ಲಗಾಮು ಸಡಿಲ ಬಿಟ್ಟು ಕಳಿಸಿದ ಏಳು ಜೋಡಿ ಪೆಟ್ಟಿಗೆ ಏಳು ಮನೆಯಲ್ಲಿ ಕೂತು ಜನರ ಕಿವಿ ಚುಚ್ಚುತ್ತಿವೆ. ಅವರು ನಂಬಿಕೆಯಿಂದ ಅದನ್ನೇ ಬೆಳಕು ಅಂದುಕೊಂಡಿದ್ದಾರೆ. ತಾನು ಇರುವಷ್ಟರಲ್ಲಿ ಅವನ್ನೆಲ್ಲ ಸರಿಮಾಡಬೇಕು. ಒಂದನ್ನೂ ಬಿಡಬಾರದು.

“ನಿನ್ನ ಮಗಳ ಕಿವಿ ಸಾಲ ಬೇಕು” ಎಂದರು.

“ಊಟದ ಹೊತ್ತಿಗೆ ವಾಪಸ್ ಕೊಡಬೇಕು” ಎಂದೆ.

ಮೊದಲು ಹೋದದ್ದು ಮೇಷ್ಟ್ರ ಮನೆಗೆ. ತಾತ ಚಪ್ಪಲಿ ಬಿಡುವ ಮೊದಲೇ, “ಮೇಷ್ಟ್ರೇ, ನನ್ನ ಕಿವಿ ಹೋಗಿದೆ. ನಿಮ್ಮ ಪೆಟ್ಟಿಗೆ ತಪ್ಪಾಗಿದೆ” ಎಂದರು. ಮೇಷ್ಟ್ರು ಬಿಳಿಚಿಕೊಂಡು, ಒಂದು ನಿಮಿಷ ಇರಿ ಎಂದು ಒಳಗೆ ಓಡಿದರು. ನಾವು ಹಿಂದೆಯೇ ಹೋಗಿ ನೋಡಿದರೆ, ಪೆಟ್ಟಿಗೆಯ ಮರಿ ಸ್ಪೀಕರ್ ಮುಂದಿನಿಂದ ಏನನ್ನೋ ಎಳೆದು ಜೇಬಿಗೆ ತುರುಕುತ್ತಿದ್ದರು.

“ಏನದು?”

“ಕಾಲುಚೀಲ, ಗುರುಗಳೇ” ಎಂದರು, ಹೋಂವರ್ಕ್ ಮಾಡದ ಹುಡುಗನ ಹಾಗೆ. “ಒಗೆದದ್ದೇ. ಎರಡು ವರ್ಷದಿಂದ ತುರುಕಿಟ್ಟಿದ್ದೆ. ಎಲ್ಲರೂ ಬೆಳಕು ಬೆಳಕು ಅಂತಾರೆ, ನನಗೊಬ್ಬನಿಗೇ ಹಲ್ಲು ಜುಮ್ಮೆನ್ನುತ್ತಲ್ಲ, ನನ್ನ ಕಿವಿಯದೇ ದೋಷ ಅಂದುಕೊಂಡೆ. ಯಾರಿಗೂ ಹೇಳಬೇಡಿ.”

ಎರಡನೇ ಮನೆಯಲ್ಲಿ ನಾಲ್ಕು ಮಡಿಕೆಯ ಕರ್ಚೀಫು. ಮೂರನೆಯದರಲ್ಲಿ ಪೆಟ್ಟಿಗೆಗಳನ್ನೇ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಕೇಳಿದರೆ, “ಗೋಡೆಗೆ ಬಡಿದು ಬಂದರೆ ಗಾಂಭೀರ್ಯ ಬರುತ್ತೆ” ಎಂದರು. ನಾಲ್ಕನೆಯದರಲ್ಲಿ ಸ್ಪಂಜು, ಪಾತ್ರೆ ತೊಳೆಯುವುದು, ಹೊಸದು. ಅವರೆಲ್ಲ ವಾರ ವಾರ ಒಂದೇ ಕೋಣೆಯಲ್ಲಿ ಕೂತು ಬೆಳಕನ್ನು ಹೊಗಳಿ, ಮನೆಗೆ ಹೋಗಿ ಬೆಳಕಿಗೆ ಬಟ್ಟೆ ತುರುಕುತ್ತಿದ್ದವರು! ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ತಾತ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದರು.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಮಗಳನ್ನು ಪೆಟ್ಟಿಗೆಗಳ ಎದುರು ಕುರ್ಚಿಯಲ್ಲಿ ಕೂರಿಸಿ ಬಣ್ಣದ ಪೆನ್ಸಿಲ್ಲು, ಕಾಗದ ಕೊಡುವುದು. ತಾತ ಲಗಾಮು ಬದಲಾಯಿಸಿ ಹಾಡು ಹಾಕುವುದು. ಹೇಗಿದೆ ಎಂದು ಕೇಳುವುದನ್ನು ಎರಡನೇ ಮನೆಯಲ್ಲೇ ನಿಲ್ಲಿಸಿಬಿಟ್ಟಿದ್ದರು. ಕೇಳಿದರೆ ತಾತನಿಗೆ ಖುಷಿಯಾಗಲಿ ಎಂದು ಚೆನ್ನಾಗಿದೆ ಅಂದುಬಿಡುತ್ತಾಳೆ, ಅವಳೂ ಬಳಗದವಳಾಗಿಬಿಡುತ್ತಾಳೆ ಎಂದರು. ಅದಕ್ಕೇ ಮುಖ ನೋಡುತ್ತಿದ್ದರು. ಪೆನ್ಸಿಲ್ ನಿಂತು ಹುಬ್ಬು ಗಂಟಾದರೆ ಲಗಾಮು ಬಿಗಿ ಸಾಲದು. ಹಾಡು ಕೇಳದಂತಾಗಿ ಅವಳು ಕಿಟಕಿ ಕಡೆ ನೋಡಿದರೆ ಬಿಗಿ ಹೆಚ್ಚು. ಹಾಡಿನ ಜೊತೆ ಗುನುಗುತ್ತಾ ಬಣ್ಣ ಹಚ್ಚುತ್ತಲೇ ಇದ್ದರೆ ಸರಿ. ಆಗ ತಾತ ಪೆಟ್ಟಿಗೆಯ ಒಳಗೋಡೆಯ ಮೇಲೆ ಪೆನ್ಸಿಲಿನಿಂದ ದಿನಾಂಕ ಬರೆದು ಮುಚ್ಚುತ್ತಿದ್ದರು. ಐದನೇ ಮನೆಯ ಹೊತ್ತಿಗೆ ಅವರ ಕೈ ನಡುಗತೊಡಗಿತು. “ಸೂಜಿಗೆ ದಾರ ಪೋಣಿಸುವವಳು ನೀನು, ಇದೇನು ಮಹಾ” ಎಂದು ಬೆಸುಗೆ ಹಾಕುವುದನ್ನು ನನಗೆ ಕಲಿಸಿದರು. ಎರಡು ಬೆರಳು ಸುಟ್ಟುಕೊಂಡು ಐದು, ಆರನೆಯ ಜೋಡಿಗಳನ್ನು ನಾನೇ ಬೆಸೆದೆ.

ಏಳನೆಯದು ಡಾಕ್ಟರ ಮನೆ.

“ಗುರುಗಳೇ, ಇದು ನಿಮ್ಮ ವಿನಯ” ಎಂದರು ಡಾಕ್ಟರು.

“ವಿನಯ ಅಲ್ಲ ಡಾಕ್ಟರೇ, ಕಿವುಡು” ಎಂದರು ತಾತ. ಚೀಟಿ ತೋರಿಸಿದರು.

“ನಿಜವಾದ ದೊಡ್ಡವರು ಮಾತ್ರ ಹೀಗೆ ಹೇಳೋಕೆ ಸಾಧ್ಯ.” ಡಾಕ್ಟರು ಪೆಟ್ಟಿಗೆಯ ಮುಂದೆ ಕೈ ಅಗಲಿಸಿ ನಿಂತೇಬಿಟ್ಟರು. “ಇದನ್ನ ಮುಟ್ಟೋಕೆ ನಾನು ಬಿಡಲ್ಲ.” ಮಾರನೇ ತಿಂಗಳು ಬಳಗದ ಪುಸ್ತಿಕೆಯಲ್ಲಿ ಆ ಜೋಡಿಯ ಬಗ್ಗೆ ಒಂಬತ್ತು ಪುಟದ ಲೇಖನ ಬರೆದರು. ಅದರಲ್ಲಿ ಎರಡು ಪುಟ ತಾತನ ವಿನಯದ ಮೇಲೆ.

ಅವತ್ತು ನಾನು ಲೋಟ ಇಡಲು ಅಡುಗೆಮನೆಗೆ ಹೋದೆ. ಡಾಕ್ಟರ ಹೆಂಡತಿ, “ಸ್ವಲ್ಪ ಗಟ್ಟಿಯಾಗಿ ಹೇಳಮ್ಮ” ಎಂದು ಎರಡೂ ಕಿವಿಯಿಂದ ಹತ್ತಿ ತೆಗೆದರು. ದಿನಾ ಸಂಜೆ ಗಂಡ ಹಾಡು ಹಾಕಿ ಪಕ್ಕದಲ್ಲಿ ಕೂರು ಎನ್ನುತ್ತಾರಂತೆ. ಅಷ್ಟು ಪ್ರೀತಿಯಿಂದ ಕರೆಯುವಾಗ ಬೇಡ ಎನ್ನಲು ಬಾಯಿ ಬರುವುದಿಲ್ಲವಂತೆ. “ನಲವತ್ತು ವರ್ಷ ಆಯ್ತು ಮದುವೆಯಾಗಿ, ಈಗ ಹತ್ತಿ ಇಟ್ಕೊಂಡು ಕೂರ್ತೀನಿ. ತಲೆದೂಗೋದು ಅವರನ್ನ ನೋಡ್ಕೊಂಡು.”

ದಾರಿಯಲ್ಲಿ ಇದನ್ನು ತಾತನಿಗೆ ಹೇಳಿದೆ. ಅವರು ನಡೆಯುತ್ತಿದ್ದವರು ನಿಂತರು. “ಡಾಕ್ಟರು ಸುಳ್ಳು ಹೇಳ್ತಿಲ್ಲ ಮಗಳೇ. ಮೂವತ್ತು ವರ್ಷ ಆ ಕೊರೆಯೋ ಯಂತ್ರ ಕಿವಿ ಹತ್ತಿರ ಇಟ್ಕೊಂಡವರು. ಅವರ ಮಾಳಿಗೆಯೂ ಬಿದ್ದಿದೆ. ನನ್ನ ಕಿವಿಗೆ ಸರಿಹೋಗಿದ್ದು ಅವರ ಕಿವಿಗೂ ಸರಿಹೋಗಿದೆ. ಅವರಿಗೆ ಅದು ನಿಜವಾಗಲೂ ಬೆಳಕೇ.” ಮತ್ತೆ ನಡೆಯುತ್ತಾ, “ಲಗಾಮು ಬಿಗಿದರೆ ಅವರಿಗೆ ಕತ್ತಲೆ, ಬಿಟ್ಟರೆ ಆಕೆಗೆ ಹತ್ತಿ” ಎಂದರು.

ಅದಾಗಿ ಹೆಚ್ಚು ದಿನ ಅವರು ಓಡಾಡಲಿಲ್ಲ. ಕಾಲು ಊದಿತು, ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯ ಸೋತಿದೆ ಎಂದರು ವೈದ್ಯರು. ಆಸ್ಪತ್ರೆಯಿಂದ ಬಂದ ಮೇಲೆ ಕಾರ್ಖಾನೆಯಲ್ಲೇ ಮಂಚ ಹಾಕಿಸಿಕೊಂಡರು. ಅಜ್ಜಿ, “ಹೊಟ್ಟು ಮೂಗಿಗೆ ಹೋಗುತ್ತೆ” ಎಂದು ದಿನಕ್ಕೆ ನಾಲ್ಕು ಸಲ ಗುಡಿಸುತ್ತಿದ್ದರು. ಗುಡಿಸುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡು, ಧೂಳು ಧೂಳು ಎನ್ನುತ್ತಿದ್ದರು. ಬಳಗದವರು ಭಾನುವಾರ ಬಂದು ಹಾಡು ಹಾಕದೆ ಸುಮ್ಮನೆ ಕೂತರೆ ತಾತ ರೇಗುತ್ತಿದ್ದರು. “ಏನ್ರಯ್ಯಾ, ಕಿವಿ ನನ್ನದು ಹೋಗಿರೋದು. ನಿಮಗೇನು ಧಾಡಿ?”

ಒಂದು ಗುರುವಾರ ಮಧ್ಯಾಹ್ನ, ಮಗಳು ಶಾಲೆಯಲ್ಲಿದ್ದಾಗ, ಅಜ್ಜಿ ಬಂದು, “ಕರೀತಿದ್ದಾರೆ. ನನ್ನನ್ನ ಔಷಧಿ ಅಂಗಡಿಗೆ ಅಟ್ಟಿದ್ದಾರೆ. ಇದ್ದ ಔಷಧಿನೇ ತರೋಕೆ. ಏನೋ ಗುಟ್ಟು” ಎಂದು ಹೇಳಿ ಹೋದರು. ನಾನು ಒದ್ದೆ ಕೈ ಒರೆಸಿಕೊಂಡು ಇಳಿದೆ.

ತಾತ ದಿಂಬಿಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ಹರಡಿದ ಟವೆಲಿನಲ್ಲಿ ಉಗುರಿನಷ್ಟು ಸಣ್ಣ ಎರಡು ಸ್ವಿಚ್ಚು, ಎರಡು ಲಗಾಮು, ಒಂದು ಚೀಟಿಯಲ್ಲಿ ಬರೆದ ಚಿತ್ರ. ಗೆರೆಗಳು ನಡುಗಿದ್ದವು, ಆದರೆ ಯಾವ ವೈರು ಎಲ್ಲಿಗೆ ಎಂಬುದು ಸ್ಪಷ್ಟವಾಗಿತ್ತು.

“ಮಗಳೇ, ಒಂದು ಉಪಕಾರ ಆಗಬೇಕು.”

“ಹೇಳಿ ತಾತ.”

“ಇದನ್ನ ಡಾಕ್ಟರ ಪೆಟ್ಟಿಗೆ ಹಿಂದೆ, ಕೆಳಗಡೆ ಮೂಲೇಲಿ ಕೂರಿಸಬೇಕು. ಮೇಲೆ ಒತ್ತಿದರೆ ಲಗಾಮು ಸಡಿಲ, ಡಾಕ್ಟರಿಗೆ. ಕೆಳಗೆ ಒತ್ತಿದರೆ ಬಿಗಿ, ಆಕೆಗೆ. ಒಂದು ದಿನ ಅವರ ಹಾಗೆ, ಒಂದು ದಿನ ಇವರ ಹಾಗೆ ಕೇಳಲಿ. ಒಬ್ಬರೇ ಇದ್ದಾಗಲಂತೂ ಆಕೆ ತನಗೆ ಬೇಕಾದ ಹಾಗೆ ಕೇಳಬಹುದು. ಫೋನಿನಲ್ಲಿ ಆಕೆ ಹತ್ತಿರ ಮಾತಾಡಿದ್ದೀನಿ, ಹತ್ತಿ ತೆಗೆಸಿ ಮಾತಾಡೋದೇ ಕಷ್ಟ ಆಯ್ತು.” ಉಸಿರು ತೆಗೆದುಕೊಳ್ಳಲು ಮಾತು ನಿಲ್ಲಿಸಿದರು. “ಡಾಕ್ಟರಿಗೆ ಹೇಳೋದೋ ಬಿಡೋದೋ ಆಕೆಗೆ ಬಿಟ್ಟದ್ದು. ಗಂಡ ಹೆಂಡತಿ ಮಧ್ಯೆ ನಾವು ಬರೀ ಸ್ವಿಚ್ಚು ಹಾಕಬಹುದು.”

“ನನ್ನ ಕೈಲಿ ಆಗುತ್ತಾ ತಾತ? ಏನಾದರೂ ಕೆಟ್ಟರೆ? ಒಂಬತ್ತು ಪುಟ ಬರೆದಿದ್ದಾರೆ ಅದರ ಮೇಲೆ.”

“ಆರನೇ ಜೋಡಿ ಯಾರು ಮಾಡಿದ್ದು?”

ತಾತ ಸ್ವಿಚ್ಚುಗಳನ್ನು, ಲಗಾಮುಗಳನ್ನು ಚೀಟಿಯಲ್ಲಿ ಸುತ್ತಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಸೋಮವಾರ ಅವರು ಹತ್ತು ಗಂಟೆಗೆ ಕ್ಲಿನಿಕ್ಕಿಗೆ ಹೊರಡ್ತಾರೆ. ಹತ್ತೂ ಕಾಲಿಗೆ ಆಕೆ ಬಾಗಿಲು ತೆಗೆದಿಟ್ಟಿರ್ತಾರೆ. ಹೋಗಿ ಹಾಕಿಕೊಟ್ಟು ಬರ್ತೀಯಾ?”

ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, “ಹತ್ತೂ ಕಾಲಿಗೆ ಅಲ್ಲಿರ್ತೀನಿ ತಾತ” ಎಂದೆ.